ಮೌನಕ್ಕೆ ರುಜು ಹಾಕದ ಖಾಜಿ

ಆ ಮದುವೆಯ ವರ್ಷವನ್ನು ಖಚಿತಪಡಿಸಿಕೊಳ್ಳಲು ನನಗಿನ್ನೂ ಸಾಧ್ಯವಾಗಿಲ್ಲ. ದೇಶದ ರಾಜಧಾನಿಯಲ್ಲಿ ಮೆಟ್ರೋ ಆಗ ವಿಶ್ವವಿದ್ಯಾಲಯದವರೆಗೆ ಬಂದಿತ್ತು, ನಮ್ಮ ಲೋಧಿ ಕಾಲೋನಿಯತ್ತ ಬಂದಿರಲಿಲ್ಲ. ಆದ್ದರಿಂದ ಎರಡು ಸಾವಿರದ ಐದಕ್ಕೂ ಒಂಬತ್ತಕ್ಕೂ ನಡುವೆ ಎಂದಷ್ಟೇ ಹೇಳಬಲ್ಲೆ.

ಪಕ್ಕದ ಮನೆಯವರು ವಿಜಾಪುರದ ಕಡೆಯ ಮುಸ್ಲಿಮರು. ಯಜಮಾನರು ಕೇಂದ್ರ ಸರ್ಕಾರದ ಗುಮಾಸ್ತರು. ಅವರ ಮಗಳು ಮುಖರ್ಜಿ ನಗರದ ಐ.ಎ.ಎಸ್. ಕೋಚಿಂಗ್‌ಗೆ ಹೊರಡುವಾಗ ನಮ್ಮ ಕಿಟಕಿಯ ಕೆಳಗೆ ನಿಂತು, "ಆಂಟಿ, ಬರ್ತೀನಿ, ಚಲೋ" ಎಂದು ಕೂಗುತ್ತಿದ್ದಳು. ಮದುವೆ ಗೊತ್ತಾದ ಮೇಲೆ ಆ ಕೂಗು ನಿಂತಿತು. ಸೊಸೆಯಾಗುವವಳು ಓದು ಮುಂದುವರಿಸುವುದು ವರನ ಮನೆಯವರಿಗೆ ಬೇಕಿರಲಿಲ್ಲ.

ನಿಕಾಹ್‌ನ ದಿನ ಒಳಕೋಣೆಯಲ್ಲಿ ಅವಳ ಪಕ್ಕದಲ್ಲಿ ನಾನೂ ಕುಳಿತಿದ್ದೆ. ರೂಢಿಯಂತೆ ಸೋದರಮಾವ ಇಬ್ಬರು ಸಾಕ್ಷಿಗಳೊಂದಿಗೆ ಬಂದು ಒಪ್ಪಿಗೆ ಕೇಳಿದರು. ಅವಳು ತಲೆ ತಗ್ಗಿಸಿದಳು. ಹೆಂಗಸರು ಆಯಿತೆಂದರು, ಮಾವ ಹೊರಗೆ ಹೋಗಿ ಒಪ್ಪಿದಳೆಂದು ತಿಳಿಸಿದರು.

ಅಂದು ಬಂದಿದ್ದ ವೃದ್ಧ ಖಾಜಿ, ಹೆಣ್ಣಿನ ಒಪ್ಪಿಗೆ ಮನೆತನದ ಸೊತ್ತಲ್ಲ, ಅವಳ ಹಕ್ಕು ಎಂದು ಶುಕ್ರವಾರದ ಪ್ರವಚನಗಳಲ್ಲಿ ಹೇಳುತ್ತ ಬಂದವರು. ಅವಳ ಧ್ವನಿ ಕೇಳಿಸಿತೇ ಎಂದು ವಿಚಾರಿಸಿದರು. ಹುಡುಗಿ ನಾಚಿಕೊಂಡಿದ್ದಾಳೆ, ಮೌನವೇ ಸಮ್ಮತಿ ಎಂದರು ಮಾವ.

"ಅಚ್ಛಾ, ನಾಚಿಕೆ ಮುಗಿಯೋವರೆಗೆ ಚಹಾ ತರಿಸಿ," ಎಂದು ಖಾಜಿ ಕುರ್ಚಿ ಹಾಕಿಸಿಕೊಂಡು ನಮ್ಮ ಕೋಣೆಯ ಪರದೆಯಾಚೆ ಕುಳಿತರು. "ಬೇಟಿ, ಈ ಕರಾರು ನಿನ್ನದೂ ಹೌದು. ಷರತ್ತು ಏನಾದರೂ ಇದ್ದರೆ ಹೇಳು, ಅದನ್ನೂ ಬರೀತೀನಿ."

ನನ್ನ ಮುಂಗೈ ಹಿಡಿದಿದ್ದ ಅವಳ ಬೆರಳುಗಳು ಬಿಗಿಯಾದವು. "ಓದು ಬಿಡಲ್ಲ," ಎಂದಳು.

ಇದೇನು ಮದುವೆಯೋ ಇಂಟರ್ವ್ಯೂವೋ ಎಂದು ವರನ ದೊಡ್ಡಪ್ಪ ಕುಟುಕಿದರು.

"ಎರಡೂ ಅಂದ್ಕೊಳ್ಳಿ. ಉತ್ತರ ಹುಡುಗ ಕೊಡಲಿ," ಎಂದರು ಖಾಜಿ.

ಚಹಾದ ಲೋಟಗಳು ಖಾಲಿಯಾದವು. ಕೊನೆಗೆ ವರ, ಬರೆಯಿರಿ ಎಂದ. ನಿಕಾಹ್‌ನಾಮೆಯಲ್ಲಿ ಆ ಸಾಲು ಸೇರಿದ ಮೇಲೆಯೇ ಅವಳು "ಕಬೂಲ್" ಎಂದದ್ದು. ಅದು ಕೆಳಗಿನ ಓಣಿಯವರೆಗೂ ಕೇಳಿಸಿತಂತೆ.

ಗಂಡನ ಮನೆ ಅದೇ ಊರಿನ ಆರ್.ಕೆ.ಪುರಂನಲ್ಲಿತ್ತು. ಮೊದಲ ಸಲ ತವರಿಗೆ ಬಂದು ಉಳಿದ ಮರುದಿನ ಬೆಳಿಗ್ಗೆ, ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡು ಕಿಟಕಿಯ ಕೆಳಗೆ ನಿಂತು ಮತ್ತೆ ಕೂಗಿದಳು. ಅವಳು ಹೇಳಿದ್ದು ಹಳೆಯದೇ ಮಾತು. ನಾನು ಕಿಟಕಿಯಿಂದ ಬಗ್ಗಿ ಕೈ ಬೀಸಿದೆ.

ಖಾಜಿ ಈಗಿಲ್ಲ. ಅವಳ ತವರಿನವರು ವರ್ಗವಾಗಿ ಹೋದರು. ನಿವೃತ್ತಳಾಗಿ ನಾನೂ ಮೈಸೂರಿಗೆ ಬಂದೆ. ಇಲ್ಲಿಯ ಕಿಟಕಿಯೂ ರಸ್ತೆಗೇ ತೆರೆಯುತ್ತದೆ. ಬೆಳಿಗ್ಗೆ ಕಾಲೇಜಿನ ಹುಡುಗಿಯರು ಹಾದುಹೋಗುವ ಹೊತ್ತಿಗೆ ಬರಹ ನಿಲ್ಲಿಸಿ ಕಿವಿಗೊಡುತ್ತೇನೆ. ಯಾರೂ ನನ್ನನ್ನು ಕೂಗುವುದಿಲ್ಲ.