ಕರಿದಾರ ಕಟ್ಟಿದ ಆಪ್

ಹೊಸದುರ್ಗದ ನೇತ್ರಾವತಿಗೆ ಆಪ್ ಕಟ್ಟುವ ವಿದ್ಯೆಯನ್ನು ಯಾವ ಗುರುವೂ ಹೇಳಿಕೊಟ್ಟವನಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಕಲಿಸುತ್ತಿದ್ದ ಹೆಂಗಸು ಅವಳು. ಟೈಪ್‌ರೈಟರಿಗೆ ತುಕ್ಕು ಹಿಡಿದಾಗ ಕಂಪ್ಯೂಟರ್ ಹಿಡಿದಳು. ಅದನ್ನು ಕಲಿಯಲು ಬರುವವರೂ ಕಡಿಮೆಯಾದಾಗ, ಎಡವಿ ಬಿದ್ದು ಮೊಬೈಲಿಗೆ ಆಪ್ ಕಟ್ಟುವ ಕೆಲಸ ಕಲಿತಳು. ನೀರಿಗಿಳಿಯದೆ ಈಜು ಬರುತ್ತದೆಯೇ?

ತಲೆ ನರೆತ ಮೇಲೆ ಕುರಿಗಾರರ ಸಂಘದವರು ಅವಳನ್ನು ಹುಡುಕಿಕೊಂಡು ಬಂದರು. ಕುರಿಗೆ ಲಸಿಕೆ ಎಲ್ಲಿ, ಯಾವಾಗ ಎಂಬುದನ್ನು ಓದು ಬಾರದವರಿಗೂ ಕೂಗಿ ಹೇಳುವ ಆಪ್ ಬೇಕಿತ್ತು. ಕೆಲಸ ಕಷ್ಟದ್ದಲ್ಲ, ಆಪಿಗೆ ಹೊಸದುರ್ಗದ ಹೆಸರಿಟ್ಟಿದ್ದೇ ರಗಳೆಯಾಯಿತು.

"ಹೊಸದುರ್ಗದ ಹೆಸರು ನಮ್ಮೋರ ಫೋನಾಗೆ ಯಾಕ್ರಿ ಇರ್ಬೇಕು? ನಮಗೇನು ಊರಿಲ್ವಾ?" ಎಂದ ಹಿರಿಯೂರಿನ ಮುಖಂಡ ತಿಮ್ಮೇಶ್. ಹೊಳಲ್ಕೆರೆಯವರೂ ದುರ್ಗದವರೂ ಅದೇ ರಾಗ ಎಳೆದರು.

ನೇತ್ರಾವತಿ ಒಂದೇ ಆಪನ್ನು ನಾಲ್ಕು ಪ್ರತಿ ಮಾಡಿ, ಒಂದೊಂದರಲ್ಲೂ ತಾಲ್ಲೂಕಿನ ಹೆಸರು, ಡಾಕ್ಟರ ನಂಬರು, ಸುದ್ದಿ ಬರುವ ವಿಳಾಸ ಎಲ್ಲವನ್ನೂ ಕೈಯಾರೆ ತಿದ್ದಿದಳು. ತಾನು ಪರೀಕ್ಷೆ ಮಾಡಿ ನೋಡಲು ಇನ್ನೊಂದು ಪ್ರತಿ. ಒಂದು ಕಡೆ ಮಾಡಿದ ಬದಲಾವಣೆಯನ್ನು ಉಳಿದೆಡೆ ನಕಲು ಮಾಡಬೇಕು. ಹಾಗೆ ನಕಲು ಮಾಡುವಾಗ ಪರೀಕ್ಷೆಯ ಪ್ರತಿಯ ವಿಳಾಸ ಹೊಸದುರ್ಗದ ಆಪಿನಲ್ಲೂ ಉಳಿದುಬಿಟ್ಟಿತು.

"ನಾಳೆ ಶ್ರೀರಾಂಪುರದಲ್ಲಿ ಲಸಿಕೆ" ಎಂದು ಅವಳು ಸುಮ್ಮನೆ ಮಾತಾಡಿ ನೋಡಿದ್ದು ಎತ್ತಪ್ಪನ ಫೋನಿನಲ್ಲಿ ಕೂಗಿತು. ಆ ಹಿರಿಯ ಕುರಿಗಾರ ಹಾಲುರಾಮೇಶ್ವರದ ಕಡೆಯಿಂದ ಬಿಸಿಲಲ್ಲಿ ಹಿಂಡು ಹೊಡೆದುಕೊಂಡು ಹೋದ. ಅಲ್ಲಿ ಡಾಕ್ಟರೂ ಇಲ್ಲ, ಸೂಜಿಯೂ ಇಲ್ಲ.

ಸಂಘ ಸಿಡುಕಿತು. ಹೊಳಲ್ಕೆರೆಯ ಸಭೆಯಲ್ಲಿ ಆಪ್ ಸರಿಯಿದೆ ಎಂದು ತೋರಿಸಬೇಕು, ಇಲ್ಲವೇ ಕಿತ್ತು ಹಾಕಬೇಕು ಎಂದಿತು. ನೇತ್ರಾವತಿ ತಾನೇ ಕಲಿತ ವಿದ್ಯೆಯ ಮಾನ ಆ ಸಭೆಯಲ್ಲಿ ತೀರ್ಮಾನವಾಗುವುದಿತ್ತು.

ಮೊದಲು ಎತ್ತಪ್ಪನ ಮುಂದೆ ನಿಲ್ಲಬೇಕು ಎಂದು ಅವಳು ಹೊರಟಳು. ಶ್ರೀರಾಂಪುರದ ಹತ್ತಿರ ಒಂದು ಹೊಲದಲ್ಲಿ ಅವನದೂ ಅವನ ಬೀಗರದೂ ಹಿಂಡು ಒಟ್ಟಿಗೆ ಮಂದೆ ಹಾಕಿದ್ದವು.

"ತಪ್ಪಾಯ್ತು ಎತ್ತಪ್ಪಣ್ಣ."

"ಕುಂತ್ಕ ತಾಯಿ. ನಿನ್ ದನಿ ಕೇಳಿ ನಂಬಿದ್ದೆ. ಕುರಿ ಬೈದಾವೆ, ನಾನಲ್ಲ."

ಅವಳ ಕಣ್ಣು ಹಿಂಡಿನ ಮೇಲಿತ್ತು. ಎತ್ತಪ್ಪನ ಕುರಿಗಳ ಬೆನ್ನಿಗೆ ಕೆಮ್ಮಣ್ಣು, ಬೀಗರವಕ್ಕೆ ನೀಲಿ. ಬೇಲಿಯಾಚೆ ಒಂಟಿಯಾಗಿ ಕಟ್ಟಿದ್ದ ಕುರಿಯ ಕೊರಳಲ್ಲಿ ಕರಿದಾರ.

"ಅದ್ಯಾಕೆ ಬೇರೆ?"

"ಸಂತೇಲಿ ತಂದಿದ್ದು. ಸೀಕು ಸಂಕಟ ಇಲ್ಲ ಅನ್ನೋದು ಗೊತ್ತಾಗೋಗಂಟ ದಾರ ಬಿಚ್ಚಲ್ಲ, ಮಂದೆಗೆ ಬಿಡಲ್ಲ. ನೀನು ದಾರ ಕಟ್ಟದೆ ಬಿಟ್ಟೆ ನೋಡು, ಅದೇ ಆಗಿದ್ದು."

ನೇತ್ರಾವತಿಗೆ ಬಸ್ಸು ಹತ್ತುವಷ್ಟರಲ್ಲಿ ದಾರಿ ಸಿಕ್ಕಿತ್ತು. ಮನೆಗೆ ಬಂದವಳೇ ಪ್ರತಿಗಳನ್ನೆಲ್ಲ ಅಳಿಸಿದಳು. ಹಿಂಡು ಒಂದೇ ಇರಲಿ, ಗುರುತು ಮಾತ್ರ ಬೇರೆ. ಒಂದೇ ಆಪು, ಅದರ ಪಕ್ಕದಲ್ಲಿ ಒಂದೊಂದು ತಾಲ್ಲೂಕಿಗೆ ಒಂದೊಂದು ಪುಟ್ಟ ಕಟ್ಟು, ಅದರಲ್ಲಿ ಹೆಸರು, ಬಣ್ಣ, ನಂಬರು, ವಿಳಾಸ. ಹೊಸದುರ್ಗಕ್ಕೆ ಕೆಮ್ಮಣ್ಣಿನ ಬಣ್ಣ, ಹಿರಿಯೂರಿಗೆ ನೀಲಿ. ಯಾವ ತಾಲ್ಲೂಕಿಗೆ ಎಂದು ಹೇಳಿದರೆ ಕಂಪ್ಯೂಟರೇ ಆ ಗುರುತು ಬಳಿದು ಆಪನ್ನು ಹೊರಗೆ ಬಿಡುತ್ತದೆ. ನಕಲೂ ಇಲ್ಲ, ಮರೆವೂ ಇಲ್ಲ. ಪರೀಕ್ಷೆಯ ಆಪಿಗೆ ವಿಳಾಸವೂ ಬೇರೆ, ಫೋನು ಗುರುತು ಹಿಡಿಯುವ ಒಳಹೆಸರೂ ಬೇರೆ. ಅಸಲಿಯ ಪಕ್ಕದಲ್ಲೇ ಕೂತರೂ ಅದಕ್ಕೆ ಅಂಟುವುದಿಲ್ಲ. ಫೋನಿನ ಪರದೆಯಲ್ಲಿ ಕಾಣುವ ಅದರ ಪುಟ್ಟ ಚಿತ್ರಕ್ಕೆ ಕರಿದಾರ ಕಟ್ಟಿದಳು.

ಸಭೆಯಲ್ಲಿ ಎತ್ತಪ್ಪನ ಫೋನಿಗೆ ನಾಲ್ಕು ತಾಲ್ಲೂಕಿನ ಆಪುಗಳನ್ನೂ ಹಾಕಿ, ಕರಿದಾರದ್ದನ್ನೂ ಹಾಕಿದಳು. ಪರೀಕ್ಷೆಯ ವಿಳಾಸಕ್ಕೆ ಮತ್ತೆ ಅದೇ ಸುದ್ದಿ ಬಿಟ್ಟಳು. "ನಾಳೆ ಶ್ರೀರಾಂಪುರದಲ್ಲಿ ಲಸಿಕೆ" ಎಂದು ಫೋನು ಕೂಗಿತು.

"ಹೊರಡಪ್ಪ ಎತ್ತಪ್ಪ, ಮತ್ತೆ ಕರೆ ಬಂತು" ಎಂದು ತಿಮ್ಮೇಶ್ ಕೆಣಕಿದ. ಜನ ನಕ್ಕರು.

ಎತ್ತಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದ. "ಕೂಗಿದ್ದು ಕರಿದಾರದ್ದು. ಕೆಮ್ಮಣ್ಣಿಂದು ಸುಮ್ಕೈತೆ. ದಾರ ಬಿಚ್ಚದ ಕುರಿ ಹಿಂದೆ ನಾನ್ಯಾಕೆ ಹೋಗ್ಲಿ? ನಿಂಗೆ ಬೇಕಾದ್ರೆ ನೀನು ಹೋಗಿ ಸೂಜಿ ಹಾಕಿಸ್ಕ."

ಈಗ ನಗು ತಿಮ್ಮೇಶನ ಕಡೆ ತಿರುಗಿತು. ಅವನು ಸೋಲಲಿಲ್ಲ. "ಆಯ್ತು ಮೇಡಂ, ನಮ್ಮ ಹೆಸರು ಬರೀ ಹಿರಿಯೂರು ಅಂತ ಐತೆ. 'ಹಿರಿಯೂರು ಸೀಮೆ ಹಿಂಡು' ಆಗ್ಬೇಕು. ಇನ್ನೊಂದು ತಿಂಗ್ಳು ಕಾಯ್ಬೇಕೇನೋ?"

"ಚಾ ಕುಡೀರಿ" ಎಂದಳು ನೇತ್ರಾವತಿ. ಹಿರಿಯೂರಿನ ಕಟ್ಟಿನಲ್ಲಿ ಒಂದು ಸಾಲು ತಿದ್ದಿದಳು. ಲೋಟಗಳು ಖಾಲಿಯಾಗುವ ಮುಂಚೆ ತಿಮ್ಮೇಶನ ಫೋನಿನಲ್ಲಿ ಹೊಸ ಹೆಸರು ನೀಲಿಯಲ್ಲಿ ಮಿನುಗಿತು. ಉಳಿದ ಮೂರರಲ್ಲಿ ಕೂದಲೂ ಕೊಂಕಲಿಲ್ಲ. ತಿಮ್ಮೇಶ್ ಫೋನನ್ನು ಪಕ್ಕದವನಿಗೆ ತೋರಿಸುತ್ತ, "ನಮ್ದೇ ಚೆಂದ ಐತೆ ಬಿಡು" ಎಂದ. ಆಪ್ ಕಿತ್ತು ಹಾಕುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಮುಂದಿನ ವಾರ ಎತ್ತಪ್ಪನ ಫೋನಿನಲ್ಲಿ ಕೆಮ್ಮಣ್ಣಿನ ಆಪ್ ಕೂಗಿತು. ಅವನು ಒಂದು ಸಲ ಬಣ್ಣ ನೋಡಿ, ಕೋಲು ಹೆಗಲಿಗೇರಿಸಿ, ಹಿಂಡನ್ನು ಶ್ರೀರಾಂಪುರಕ್ಕೆ ತಿರುಗಿಸಿದ. ಡಾಕ್ಟರು ಮರದ ಕೆಳಗೆ ಪೆಟ್ಟಿಗೆ ಬಿಚ್ಚಿಕೊಂಡು ಕಾದಿದ್ದರು. ಸೂಜಿ ಮುಗಿದ ಮೇಲೆ ಎತ್ತಪ್ಪ ಸಂತೆಯಿಂದ ತಂದ ಕುರಿಯ ಕೊರಳಿನ ಕರಿದಾರ ಬಿಚ್ಚಿ, ಅದರ ಬೆನ್ನಿಗೆ ಕೆಮ್ಮಣ್ಣು ಬಳಿದು, ಮಂದೆಗೆ ಬಿಟ್ಟ.