ಕಪ್ಪು ತುಂಡಿನ ಯಂಕೋಬ

ನೀರಾವರಿ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ ಪ್ರತಿ ಮಾರ್ಚಿಗೆ ಸಿಬ್ಬಂದಿಯ ಗೋಪ್ಯ ವರದಿ ಬರೆಯುವ ಕೆಲಸ ಇರುತ್ತಿತ್ತು. ಗೋಪ್ಯವೆಂದರೆ ಇಷ್ಟೇ: ಹೋದ ವರ್ಷದ್ದನ್ನು ನಾನು ನಕಲು ಮಾಡುತ್ತಿದ್ದೆ, ಸಾಹೇಬರು ಚಹಾ ಕುಡಿಯುತ್ತ ಓದದೇ ಸಹಿ ಹಾಕುತ್ತಿದ್ದರು. ‘ವಿಧೇಯ, ನಡತೆ ತೃಪ್ತಿಕರ.’ ಸತ್ತು ಮೂರು ತಿಂಗಳಾದ ಜವಾನನ ನಡತೆಯೂ ಒಮ್ಮೆ ತೃಪ್ತಿಕರವಾಗಿತ್ತು.

೧೯೭೯ರ ಕೊನೆಗೆ ಕೊಟ್ರಬಸಪ್ಪ ಎಂಬ ಹೊಸ ಸಾಹೇಬರು ಬಂದರು. ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ್ದರು, ಅದರ ಬಿಸಿ ಇನ್ನೂ ಆರಿರಲಿಲ್ಲ. ನೌಕರರನ್ನು ಅಳೆಯುವ ಪದ್ಧತಿ ಎಲ್ಲಿ ಹುಟ್ಟಿತೆಂದು ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದರು. ನೂರೈವತ್ತು ವರ್ಷಕ್ಕೂ ಹಿಂದೆ ಸ್ಕಾಟ್‌ಲೆಂಡಿನ ಒಬ್ಬ ನೂಲಿನ ಗಿರಣಿ ಮಾಲೀಕ ಪ್ರತಿ ಆಳಿನ ಪಕ್ಕ ಬಣ್ಣದ ಮರದ ತುಂಡು ತೂಗುಹಾಕುತ್ತಿದ್ದನಂತೆ. ಕೆಲಸಗೇಡಿಗೆ ಕಪ್ಪು, ನಡುವೆ ನೀಲಿ, ಹಳದಿ, ಎಲ್ಲರಿಗಿಂತ ಮೇಲಿನವನಿಗೆ ಬಿಳಿ. ಬೈಯುವುದೂ ಬೇಡ, ಹೊಡೆಯುವುದೂ ಬೇಡ, ತುಂಡೇ ಮಾತಾಡುತ್ತದೆ. ಮರುದಿನವೇ ಬಡಿಗನನ್ನು ಕರೆಸಿದರು.

ನಮ್ಮಲ್ಲಿ ಆಳುಗಳೆಂದರೆ ಲಸ್ಕರ್‌ಗಳು, ಕಾಲುವೆಯ ತೂಬು ಎತ್ತಿ ಹೊಲಕ್ಕೆ ನೀರು ಬಿಡುವವರು, ಇಳಿಸಿ ನಿಲ್ಲಿಸುವವರು. ಯಂಕೋಬ ಅವರಲ್ಲೊಬ್ಬ. ಸಿದ್ದಾಪುರದ ಕಡೆಯ ಒಂದು ಉಪಕಾಲುವೆಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ. ಆ ಮಾರ್ಚಿನ ವರದಿ ಚೆನ್ನಾಗಿದ್ದರೆ ನೌಕರಿ ಕಾಯಂ, ಇಲ್ಲದಿದ್ದರೆ ವಯಸ್ಸು ಮೀರಿ ಮನೆಗೆ. ಮಾತು ಕಡಿಮೆ, ಹಟ ಜಾಸ್ತಿ. ಕಾಲುವೆಯ ಮೇಲ್ಭಾಗದ ದೊಡ್ಡ ಹೊಲದವರ ನೀರಿನ ಪಾಳಿ ಮುಗಿದ ಗಳಿಗೆಗೇ ಅವರ ತೂಬು ಇಳಿಸಿ, ಬೀಗ ಜಡಿದು, ಅಲ್ಲೇ ಕೂತು ರೊಟ್ಟಿ ತಿನ್ನುವ ಮನುಷ್ಯ. ಅವರು ಕಳಿಸುವ ಅಕ್ಕಿ ಚೀಲ ಮುಟ್ಟುತ್ತಿರಲಿಲ್ಲ. ಹೀಗಾಗಿ ಅವನ ಮೇಲೆ ನಲವತ್ತೊಂದು ದೂರು ಅರ್ಜಿ. ಪಕ್ಕದ ಉಪಕಾಲುವೆಯ ವಿರುಪಣ್ಣನ ಮೇಲೆ ಒಂದೂ ಇಲ್ಲ. ಅವನು ದೊಡ್ಡವರ ತೂಬು ಇಳಿಸಿದವನೇ ಅಲ್ಲ, ಅವನ ಮನೆಯಲ್ಲಿ ಅಕ್ಕಿ ಮುಗಿದದ್ದೂ ಇಲ್ಲ.

ಸಾಹೇಬರು ದೂರು ಎಣಿಸಿದರು. ವಿರುಪಣ್ಣನ ತೂಬಿನ ಕಂಬಕ್ಕೆ ಬಿಳಿ, ಯಂಕೋಬನದಕ್ಕೆ ಕಪ್ಪು. ನನಗೆ ಎಲ್ಲ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ.

ಫೆಬ್ರುವರಿಯಲ್ಲಿ ವಿರುಪಣ್ಣನ ಕಾಲುವೆಯ ಕೊನೆಯ ಹೊಲದವರು ಗುಂಪಾಗಿ ಕಚೇರಿಗೆ ಬಂದರು. ಮುಂದೆ ಹುಲಗಮ್ಮ ಎಂಬ ಮುದುಕಿ, ಕೈಯಲ್ಲಿ ಒಣಗಿದ ಭತ್ತದ ಪೈರು. ಜಗಳಕ್ಕೆ ಬಂದರೆಂದು ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದರು.

“ನಮ್ಮ ಕಾಲವಿಗೂ ಒಬ್ಬ ಕರೇ ತುಂಡಿನವನ್ನ ಹಾಕ್ರಿ ಸಾಹೇಬ್ರ,” ಅಂದಳು ಹುಲಗಮ್ಮ. “ಕರೇದು ತೂಗಾಡೋ ಕಡೆ ನೀರು ಕಡೀ ಹೊಲದ ತನಕ ಬರ್ತಾವ. ನಮಗ ಈ ಬಿಳೇದು ಬ್ಯಾಡ್ರಿ.”

ಸಾಹೇಬರು ಅವತ್ತೇ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಹೋಗಿ ಎರಡೂ ಕಾಲುವೆಯ ಕೊನೆ ನೋಡಿದರು. ಬಿಳಿಯ ಕಡೆ ಬಿರುಕು ಬಿಟ್ಟ ನೆಲ, ಕಪ್ಪಿನ ಕಡೆ ಮೊಣಕಾಲುದ್ದ ಹಸಿರು ಪೈರು. ವಾಪಸು ಬರುವಾಗ ಯಂಕೋಬನ ತೂಬಿನ ಹತ್ತಿರ ಇಳಿದು, ತಾವೇ ಬಿಳಿ ತುಂಡು ಕಟ್ಟಲು ಹೋದರು. ಮುಂದಿನ ತಿಂಗಳು ಮೇಲಧಿಕಾರಿ ತಪಾಸಣೆಗೆ ಬರುತ್ತಾರೆ, ಕಪ್ಪು ಕಂಡರೆ ನಿನ್ನ ಕಾಯಂ ಹೋದಂತೆಯೇ ಎಂದರು. ಯಂಕೋಬ ಕೈ ಅಡ್ಡ ಹಿಡಿದ.

“ಬ್ಯಾಡ್ರಿ ಸಾಹೇಬ್ರ. ಬಿಳೇದು ಕಂಡ್ರ ಮ್ಯಾಲಿನವ್ರು ಇವನೂ ನಮ್ಮಾಂವ ಆದ ಅಂತ ತೂಬು ಎತ್ತತಾರ. ಬೆಳಿ ಕೈಗೆ ಬರೋ ತನಕ ಕರೇದು ಇರ್ಲಿ.”

ಸಾಹೇಬರು ಜೀಪು ಹತ್ತುವ ತನಕ ಅವನು ಕೈ ತೆಗೆಯಲಿಲ್ಲ.

ಮೇಲಧಿಕಾರಿ ಬಂದರು, ಕಪ್ಪು ನೋಡಿ ಹುಬ್ಬು ಗಂಟಿಕ್ಕಿಕೊಂಡು ಹೋದರು. ಆ ವಾರ ಕೊಟ್ರಬಸಪ್ಪನವರು ಯಂಕೋಬನ ವರದಿಯನ್ನು ತಮ್ಮ ಕೈಯಾರೆ ಬರೆದು ನನಗೆ ಟೈಪ್ ಮಾಡಲು ಕೊಟ್ಟರು. ‘ಇವನ ಮೇಲೆ ನಲವತ್ತೊಂದು ದೂರುಗಳಿವೆ. ಆದ್ದರಿಂದ ಕಾಯಂ ಮಾಡಬೇಕು.’ ಬರೆಯುವಾಗ ಏನಾದರೂ ತಪ್ಪಿತೇ ಎಂದು ಕೇಳಿದೆ.

“ಇದ್ದಂಗ ಹೊಡೀರಿ,” ಅಂದರು.

ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟ ವಾರ ಆದೇಶ ಬಂತು, ಯಂಕೋಬ ಕಾಯಂ ಆದ. ಅದೇ ವಾರ ಅವನ ಮೇಲೆ ಇನ್ನೂ ಮೂರು ದೂರು ಬಂದವು. ಅವನ್ನು ಫೈಲಿಗೆ ಹಚ್ಚುವಾಗ ನನಗೆ ಮನಸಾರೆ ಸಂತೋಷವಾಯಿತು.