ತಾಳೆಯಾದ ಎರಡು ಪಟ್ಟಿಗಳು

ಕೋಪ ಬಂದರೆ ಅವರ ಗದ್ದದ ಮೇಲಿನ ಹಳೆಯ ಗಾಯದ ಗುರುತು ಬೆಳ್ಳಗಾಗುತ್ತಿತ್ತು. ನನ್ನೆದುರು ಅದು ಬೆಳ್ಳಗಾಗದ ದಿನವೇ ಕಡಿಮೆ. ಸಕಲೇಶಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಟೀಚರಮ್ಮ ಅವರು.

ಹಾನುಬಾಳಿನ ಒಂದು ಕೋಣೆಯಲ್ಲಿ ನಾವು ಬೆಳೆಗಾರರು ಆನೆಗಳ ಬಗ್ಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಮಾಡಿಕೊಂಡಿದ್ದೆವು. ಕಾವಲಿನವರು ಆನೆ ನಿಂತ ಜಾಗವನ್ನು ಫೋನಿನಲ್ಲಿ ಹೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಓದಿದ ನಾನು ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ. ಎಸ್ಟೇಟ್ ಮೇಸ್ತ್ರಿಗಳಿಗೆ ಮೆಸೇಜ್ ಹೋಗುತ್ತಿತ್ತು. ಪ್ರೋಗ್ರಾಂ ಬರೆದುಕೊಟ್ಟವರು ಟೀಚರಮ್ಮ. ಪ್ರತಿಫಲವಾಗಿ ನಮ್ಮ ಕಾಫಿಯನ್ನೂ ಕುಡಿಯಲಿಲ್ಲ. ಬರೀ ಸಕ್ಕರೆ ಪಾನಕ ಎಂದು ಬೈದು ಚೆಲ್ಲಿದರು.

ಮೆಸೇಜ್ ತಲುಪದಿದ್ದರೆ ಪರದೆ ಕೆಂಪಾಗಿ ಸೈರನ್ ಕೂಗುತ್ತಿತ್ತು. ಆ ಎಸ್ಟೇಟಿನ ಸ್ಟೋರ್‌ಗೆ ಲ್ಯಾಂಡ್‌ಲೈನಿನಲ್ಲಿ ಫೋನ್ ಮಾಡಿ, ‘ತಿಳಿಸಿದೆ’ ಎಂದು ಬರೆಯುವವರೆಗೂ ನಿಲ್ಲುತ್ತಿರಲಿಲ್ಲ. ಇದಲ್ಲದೆ ಸಂಜೆ ಕಾವಲಿನವರ ಪಟ್ಟಿಯನ್ನೂ ಸುದ್ದಿ ತಲುಪಿದವರ ಪಟ್ಟಿಯನ್ನೂ ತಾಳೆ ನೋಡಬೇಕಿತ್ತು.

ನಮ್ಮ ಗುಡ್ಡಗಳಲ್ಲಿ ಸಿಗ್ನಲ್ ಎಲ್ಲಿಯದು? ದಿನವಿಡೀ ಸೈರನ್. ಒಮ್ಮೆ ರೇಗಿದೆ. “ಸಂಜೆ ಹೆಂಗೂ ತಾಳೆ ನೋಡ್ತೀನಲ್ಲಮ್ಮ, ಈ ಬೊಬ್ಬೆ ಯಾಕೆ? ತೆಗ್ದುಬುಡಿ.”

“ಸಂಜೆ ನಿಮ್ಗೆ ಗೊತ್ತಾದ್ರೆ, ಬೆಳಗ್ಗೆ ಆನೆ ಕಾಲಿಗೆ ಸಿಕ್ಕೋರು ಎದ್ದು ಬರ್ತಾರಾ ಯಜಮಾನ್ರೇ?” ಗುರುತು ಬೆಳ್ಳಗಾಯಿತು. “ತಾಳೆ ನೋಡೋದು ಏನ್ ತಪ್ಪಿಹೋಯ್ತು ಅಂತ ತಿಳ್ಕೊಳ್ಳೋಕೆ. ಎರರ್ ಬಂದ ಗಳಿಗೇಲಿ ಕೂಗೋದು ತಪ್ಪಿಸೋಕೆ. ಒಂದು ಐತೆ ಅಂತ ಇನ್ನೊಂದರ ಬಾಯಿ ಮುಚ್ಚಿಸಬೇಡಿ!”

ನಾನು ಮುಚ್ಚಿಸಿದೆ. ಫೋನ್ ಮಾಡದೆಯೇ ‘ತಿಳಿಸಿದೆ’ ಎಂದು ಬರೆಯಲು ಕಲಿತೆ. ಸೈರನ್ ನಿಲ್ಲುತ್ತಿತ್ತು. ಆ ಎಸ್ಟೇಟೂ ಸುದ್ದಿ ತಲುಪಿದವರ ಪಟ್ಟಿಗೆ ಸೇರಿ, ಸಂಜೆ ಎರಡೂ ಪಟ್ಟಿ ಅಚ್ಚುಕಟ್ಟಾಗಿ ತಾಳೆಯಾಗುತ್ತಿದ್ದವು. “ಒಂದ್ ದಿನಾನೂ ವ್ಯತ್ಯಾಸ ಇಲ್ವಲ್ಲ, ಮಾರಾಯ್ರೇ!” ಎಂದು ಟೀಚರಮ್ಮ ಅನುಮಾನದಿಂದ ನೋಡಿದಾಗ ನಾನು ಮೀಸೆ ತಿರುವಿದ್ದೆ.

ಒಂದು ಬೆಳಿಗ್ಗೆ ಅಕ್ಕಿರೊಟ್ಟಿ ತಿನ್ನುತ್ತಿದ್ದೆ. ವನಗೂರು ಕಡೆಯ ಎಸ್ಟೇಟೊಂದಕ್ಕೆ ಮೆಸೇಜ್ ಹೋಗಲಿಲ್ಲ. ಎಡಗೈಯಲ್ಲಿ ‘ತಿಳಿಸಿದೆ’ ಎಂದು ಒತ್ತಿದೆ. ಅಲ್ಲಿ ಮೆಣಸು ಕೊಯ್ಯಲು ಹೊರಟಿದ್ದ ಹೆಂಗಸೊಬ್ಬಳನ್ನು ಆನೆ ತುಳಿದು ಕೊಂದಿತು.

ಸಭೆಯಲ್ಲಿ ಎಲ್ಲರೂ ಪ್ರೋಗ್ರಾಂ ಬರೆದವರ ಮೇಲೆ ಮುಗಿಬಿದ್ದರು. ಟೀಚರಮ್ಮ ನನ್ನನ್ನೇ ಕೇಳಿದರು: “ಫೋನ್ ಮಾಡಿದ್ರಾ?”

“ಮಾಡ್ದೆ. ಯಾರೂ ಎತ್ತಲಿಲ್ಲ.”

“ಹಂಗಾದ್ರೆ ‘ತಿಳಿಸಿದೆ’ ಅಂತ ಯಾಕೆ ಬರೆದ್ರಿ?”

“ಕಂಪ್ಯೂಟರ್ ತಾನೇ ಬರ್ಕೊಂಡಿರ್ಬೇಕು,” ಎಂದೆ. ಸಭೆ ನನ್ನನ್ನು ನಂಬಿತು. ನಾನು ಹಿರಿಯ, ಊರಿನವನು. ಟೀಚರಮ್ಮನನ್ನು ಹೊರಗೆ ಕಳಿಸಿದೆವು. ಬಾಗಿಲಲ್ಲಿ ನಿಂತು ಹೇಳಿದರು: “ಕಂಪ್ಯೂಟರ್ ಸುಳ್ಳು ಹೇಳಲ್ಲ ಯಜಮಾನ್ರೇ. ನಿಮ್ಮಂಥೋರು ಹೇಳ್ತೀರ ಅಂತ ಲೆಕ್ಕಕ್ಕೆ ತಗೊಳ್ಳಲಿಲ್ಲ. ಅದೊಂದೇ ನನ್ನ ತಪ್ಪು.”

ಮತ್ತೆ ಅವರು ಹಾನುಬಾಳಿಗೆ ಬರಲಿಲ್ಲ. ಹೋದ ತಿಂಗಳು ಕಾಯಿಲೆಯಿಂದ ತೀರಿಕೊಂಡರು. ಸಂತಾಪ ಸಭೆಯಲ್ಲಿ ಅವರ ಬಗ್ಗೆ ಒಳ್ಳೆಯ ಮಾತಾಡಲು ನನ್ನನ್ನೇ ಎಬ್ಬಿಸಿದರು. ಎಂಥ ನಾಚಿಕೆಗೇಡು! ಅಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಮರುದಿನ ಬೆಟ್ಟ ಹತ್ತಿ ಸತ್ತ ಆ ಹೆಂಗಸಿನ ಗಂಡನಿರುವ, ಎಸ್ಟೇಟ್ ಕೂಲಿಗಳ ಲೈನ್ ಮನೆಗೆ ಹೋಗಿ, ಅವನಿಗೂ ಹೇಳಿದೆ.

ಅವನು ಒಳಗೆ ಕರೆಯಲಿಲ್ಲ. ಹೊಸಿಲ ಮೇಲೆ ನಿಂತೇ ಕೇಳಿದ: “ಅವತ್ತು ಒಂದ್ ಫೋನ್ ಮಾಡಕ್ಕಾಗ್ಲಿಲ್ಲ. ಇವತ್ತು ಇಷ್ಟ್ ದೂರ ಹತ್ಕಂಡ್ ಬಂದ್ರಾ, ಯಜಮಾನ್ರೇ?”